ಕೊಡಗಿನಿಂದ ಪೋಸ್ಟ್‌ಡಾಕ್ ಅರ್ಜಿ: ಮೊದಲು ಮಾದರಿ, ಆಮೇಲೆ ಮೇಲ್

ಬಾಹ್ಯಾಕಾಶ ಎಂಜಿನಿಯರಿಂಗ್‌ನಲ್ಲಿ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ಸಂಶೋಧನಾ ಹುದ್ದೆ) ಹುಡುಕುವಾಗ ಬಯೋಡೇಟಾಕ್ಕಿಂತ ಮೊದಲು ನಾನು ತಯಾರು ಮಾಡಿಕೊಂಡಿದ್ದು ಉಪಗ್ರಹದ ಕಕ್ಷೆ ಲೆಕ್ಕ ಹಾಕುವ ಚಿಕ್ಕ ಪೈಥಾನ್ ಪ್ರೋಗ್ರಾಂ. ಮಡಿಕೇರಿಯಲ್ಲಿ ಕೂತು ಮಾಮೂಲಿ ಲ್ಯಾಪ್‌ಟಾಪ್‌ನಲ್ಲೇ ಮಾಡಬಹುದಾದ ಕೆಲಸ.

ಮೊದಲ ಸುತ್ತಿನಲ್ಲಿ ಭೂಮಿಯ ಕೇಂದ್ರ ಗುರುತ್ವ ಮಾತ್ರ, ಚಲನೆಯನ್ನು ಚಿಕ್ಕ ಚಿಕ್ಕ ಕಾಲದ ಹೆಜ್ಜೆಗಳಲ್ಲಿ ಲೆಕ್ಕ ಹಾಕುವ ನಾಲ್ಕನೇ ದರ್ಜೆಯ ರುಂಗೆ-ಕುಟ್ಟ ವಿಧಾನ. ಕಾಲದ ಹೆಜ್ಜೆಯನ್ನು 20 ಸೆಕೆಂಡಿನಿಂದ 10ಕ್ಕೆ ಇಳಿಸಿದಾಗ ಕೆಪ್ಲರ್ ಸೂತ್ರ ಕೊಡುವ ನಿಖರ ಉತ್ತರಕ್ಕೆ ಹೋಲಿಸಿದ ದೋಷ ಸುಮಾರು 16 ಪಟ್ಟು ಇಳಿಯಬೇಕು; ಇಳಿಯಲಿಲ್ಲವೆಂದರೆ ಕೋಡ್‌ನಲ್ಲೇ ತಪ್ಪಿದೆ. ಮುಂದೆ ಭೂಮಿಯ ಚಪ್ಪಟೆತನದ ಜೆ2 ಪದ (0.00108263) ಸೇರಿಸಿ, 700 ಕಿ.ಮೀ. ಎತ್ತರ, 98.2 ಡಿಗ್ರಿ ಓರೆಯ ವೃತ್ತಾಕಾರದ ಕಕ್ಷೆ ಓಡಿಸಿದೆ. ಕಕ್ಷೆಯ ತಲ ದಿನಕ್ಕೆ ಸುಮಾರು 0.986 ಡಿಗ್ರಿ ಪೂರ್ವಕ್ಕೆ ಸರಿದರೆ ಅದು ಸೂರ್ಯನೊಡನೆ ಹೆಜ್ಜೆ ಹಾಕುವ ಕಕ್ಷೆ, ಲೆಕ್ಕ ಸರಿ.

ಇಲ್ಲಿ ಹಲವರು ಎಡವುವುದು ಟಿಎಲ್‌ಇ ದತ್ತಾಂಶದಲ್ಲಿ, ಅಂದರೆ ಉಪಗ್ರಹದ ಕಕ್ಷೆಯನ್ನು ಎರಡು ಸಾಲಿನಲ್ಲಿ ಕೊಡುವ ಅಂಕಿಗಳಲ್ಲಿ. ಅದರಲ್ಲಿರುವುದು ಎಸ್‌ಜಿಪಿ4 ಎಂಬ ಕಕ್ಷೆ ಲೆಕ್ಕದ ಮಾದರಿಗೆಂದೇ ಹೊಂದಿಸಿದ ಸರಾಸರಿ ಅಂಕಿಗಳು. ನೇರವಾಗಿ ನಿಮ್ಮ ಪ್ರೋಗ್ರಾಂಗೆ ಸುರಿದರೆ ಕಿಲೋಮೀಟರ್‌ಗಟ್ಟಲೆ ವ್ಯತ್ಯಾಸ ಬರುತ್ತದೆ, ತಪ್ಪು ಮಾತ್ರ ಕಣ್ಣಿಗೆ ಕಾಣುವುದಿಲ್ಲ. ಮೊದಲು ಎಸ್‌ಜಿಪಿ4 ಮೂಲಕ ಸ್ಥಾನ-ವೇಗ ಪಡೆದು, ನಿರ್ದೇಶಾಂಕಗಳ ಚೌಕಟ್ಟು ಬದಲಿಸಿಯೇ ಬಳಸಬೇಕು.

ಪ್ರಾಧ್ಯಾಪಕರಿಗೆ ಬರೆಯುವ ಮೇಲ್ ನೂರೈವತ್ತು ಪದ ಮೀರಬಾರದು: ಅವರ ಒಂದು ಪ್ರಬಂಧದಲ್ಲಿ ಬಿಡಿಸದೆ ಉಳಿದ ಪ್ರಶ್ನೆ, ನನ್ನ ಪರೀಕ್ಷೆಯ ಒಂದು ಗ್ರಾಫ್, ಕೋಡ್ ಕೊಂಡಿ. 'ರೆಸ್ಪೆಕ್ಟೆಡ್ ಸರ್' ಎಂದು ಶುರುವಾಗಿ ಹೆಸರೇ ಇಲ್ಲದ ಮೇಲ್‌ಗಳು ಎಲ್ಲಿ ಹೋಗುತ್ತವೆಂದು ಬೇರೆ ಹೇಳಬೇಕಿಲ್ಲ. ಮಾರ್ಚ್-ಏಪ್ರಿಲ್ ಒಳ್ಳೆ ಸಮಯ. ಆಗಸ್ಟ್‌ನಲ್ಲಿ ಯುರೋಪಿನವರು ರಜೆಯಲ್ಲಿರುತ್ತಾರೆ.

ಐರೋಪ್ಯ ಒಕ್ಕೂಟದ ಮೇರಿ ಕ್ಯೂರಿ ಪೋಸ್ಟ್‌ಡಾಕ್ ಫೆಲೋಶಿಪ್‌ಗೆ ಮುಖ್ಯ ಪ್ರಸ್ತಾವನೆ 10 ಪುಟ, ಹೆಚ್ಚಿನದನ್ನು ಓದುವುದೇ ಇಲ್ಲ. ಗಡುವಿನ ಹಿಂದಿನ 36 ತಿಂಗಳಲ್ಲಿ, ಹೋಗಬೇಕೆಂದಿರುವ ದೇಶದಲ್ಲಿ 12ಕ್ಕಿಂತ ಹೆಚ್ಚು ತಿಂಗಳು ಇದ್ದವರಿಗೆ ಅಲ್ಲಿ ಅವಕಾಶವಿಲ್ಲ. ಯುರೋಪಿನ ಬಾಹ್ಯಾಕಾಶ ಸಂಸ್ಥೆ ಈಸಾದ ಫೆಲೋಶಿಪ್ ಸದಸ್ಯ ಮತ್ತು ಸಹಯೋಗಿ ದೇಶಗಳ ಪ್ರಜೆಗಳಿಗೆ, ಭಾರತದವರು ಅದಕ್ಕೆ ಸಮಯ ಕಳೆಯುವುದು ಬೇಡ. ಜರ್ಮನಿಯ ಹಂಬೋಲ್ಟ್ ಫೆಲೋಶಿಪ್‌ಗೆ ಅರ್ಜಿ ಹಾಕಲು ಕರೆಸಿಕೊಳ್ಳುವವರ ಒಪ್ಪಿಗೆ ಮೊದಲೇ ಬೇಕು.

ಮೇರಿ ಕ್ಯೂರಿಯ ಕೊನೆಯ ಗಳಿಗೆ ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ, ಬ್ರಸೆಲ್ಸ್‌ನ ಸಂಜೆ 5, ಅಂದರೆ ನಮ್ಮ ರಾತ್ರಿ 8.30. ನಮ್ಮ ಕೈಲ್‌ಪೋಳ್ದ್ ಹಬ್ಬ ಮುಗಿದರೂ ಮಳೆ ಬಿಟ್ಟಿರುವುದಿಲ್ಲ, ಕರೆಂಟು ಹೋದರೆ ಟವರ್ ಕೂಡ ಹೋಗುತ್ತದೆ. ಗಡುವಿನೊಳಗೆ ಎಷ್ಟು ಸಲ ಬೇಕಾದರೂ ಮತ್ತೆ ಸಲ್ಲಿಸಬಹುದು, ಕೊನೆಯದೇ ಲೆಕ್ಕಕ್ಕೆ. ಹಾಗಾಗಿ ಅರೆಬೆಂದ ಪ್ರತಿಯನ್ನೇ ಒಂದು ವಾರ ಮೊದಲು ಹಾಕಿಡಿ.

ಕೊಡವರ ಮನೆಹೆಸರಿನ ತೊಡಕು ಬೇರೆ. ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ಪೂರ್ತಿ ಹೆಸರು, ಪ್ರಬಂಧದಲ್ಲಿ ಮತ್ತೊಂದು ಕ್ರಮ. ಪಾಸ್‌ಪೋರ್ಟ್‌ನಲ್ಲಿರುವಂತೆ ಅರ್ಜಿ ತುಂಬಿ, ಉಳಿದ ರೂಪಗಳನ್ನು ಸಂಶೋಧಕರ ಗುರುತು ಸಂಖ್ಯೆಯ ಆರ್ಕಿಡ್ (ORCID) ಖಾತೆಯಲ್ಲಿ ಸೇರಿಸಿ, ಈ ಎಲ್ಲ ಹೆಸರೂ ಒಬ್ಬರದೇ ಎಂಬ ನೋಟರಿ ಅಫಿಡವಿಟ್ ಒಂದನ್ನು ಇಟ್ಟುಕೊಳ್ಳಿ.