ಕಾಫಿ ತೋಟದಲ್ಲಿ ಕೂತು ಯುದ್ಧ ಓದಿದ್ದು

ಕೊಡಗಿನಲ್ಲಿ ಯುದ್ಧದ ಮಾತಿಗೆ ಬರವಿಲ್ಲ. ಮದುವೆ ಮನೆಯಲ್ಲಿ ನಾಲ್ಕು ಜನ ಸೇರಿದರೆ ಒಬ್ಬರಾದರೂ ಮಿಲಿಟರಿಯಲ್ಲಿ ಇದ್ದವರೇ. 1965, 1971, ಕಾರ್ಗಿಲ್ ಎಲ್ಲ ಬಂದುಹೋಗುತ್ತದೆ. ಆದರೆ ಉಕ್ರೇನಿನಲ್ಲಿ ಏನು ನಡೆಯುತ್ತಿದೆ ಅಂತ ತಿಳಿಯೋಕೆ ಆ ಕಥೆಗಳು ಸಾಲಲಿಲ್ಲ. ಟಿವಿ ಚರ್ಚೆಯಂತೂ ಬಿಡಿ, ಅಲ್ಲಿ ಯುದ್ಧ ಸ್ಟುಡಿಯೋ ಒಳಗೇ ಮುಗಿದುಹೋಗುತ್ತದೆ. ಹಾಗಾಗಿ ನಾನು ವಿಶ್ವವಿದ್ಯಾಲಯಗಳು ಸಾರ್ವಜನಿಕರಿಗೂ ತೆರೆದಿಡುವ ಸೆಮಿನಾರ್‌ಗಳ ಬೆನ್ನು ಹಿಡಿದೆ. ನಾನು ಕಾಫಿ ಬೆಳೆಗಾರ, ಓದಿದ್ದು ಬಿ.ಕಾಂ. ಇದುವರೆಗೆ ಯಾರೂ ಮಾರ್ಕ್ಸ್ ಕಾರ್ಡ್ ಕೇಳಿಲ್ಲ.

ಆಕ್ಸ್‌ಫರ್ಡ್‌ನಲ್ಲಿ ‘ಚೇಂಜಿಂಗ್ ಕ್ಯಾರೆಕ್ಟರ್ ಆಫ್ ವಾರ್’ ಅಂತ ಒಂದು ಕೇಂದ್ರ ಇದೆ. 2003ರಲ್ಲಿ ಶುರುವಾದದ್ದು. ಇತಿಹಾಸಕಾರ ಹ್ಯೂ ಸ್ಟ್ರಾಚನ್ ಅದನ್ನು ಬೆಳೆಸಿದವರು. ಅಲ್ಲಿನ ಎಷ್ಟೋ ಮಾತುಗಳ ರೆಕಾರ್ಡಿಂಗ್ ಪುಕ್ಕಟೆ ಸಿಗುತ್ತವೆ. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಯುದ್ಧದ ಅಧ್ಯಯನಕ್ಕೆಂದೇ ಒಂದು ವಿಭಾಗ ಇದೆ. ಮೊದಲು ಹಳೆಯ ರೆಕಾರ್ಡಿಂಗ್‌ಗಳನ್ನು ಕೇಳಿದೆ. ಕಿವಿ ಆ ಇಂಗ್ಲಿಷ್‌ಗೆ ಹೊಂದಿಕೊಂಡ ಮೇಲೆ ಲೈವ್‌ಗೆ ಹೆಸರು ಕೊಡತೊಡಗಿದೆ.

ವೇಳೆ ನಮಗೆ ಚೆನ್ನಾಗಿ ಹೊಂದುತ್ತದೆ. ಅಲ್ಲಿ ಮಧ್ಯಾಹ್ನ 1 ಗಂಟೆ ಅಂದರೆ ಇಲ್ಲಿ ಸಂಜೆ 6:30. ಮಾರ್ಚ್ ಕೊನೆಗೆ ಅವರು ಗಡಿಯಾರ ಮುಂದಿಟ್ಟ ಮೇಲೆ 5:30. ಆಕ್ಸ್‌ಫರ್ಡ್‌ನ ಪಾಠದ ಅವಧಿ ಎಂಟೆಂಟು ವಾರದ್ದು, ವರ್ಷಕ್ಕೆ ಮೂರು. ಜುಲೈಯಿಂದ ಸೆಪ್ಟೆಂಬರ್‌ವರೆಗೆ ರಜೆ. ಕಕ್ಕಡ ತಿಂಗಳ ಮಳೆಗೆ ನಮ್ಮಲ್ಲೂ ಕರೆಂಟ್ ಇರಲ್ಲ, ನೆಟ್‌ವರ್ಕ್ ಇರಲ್ಲ, ಸರಿಹೋಯಿತು ಅಲ್ವಾ! ಕಷ್ಟ ಆಗುವುದು ಜನವರಿಯಲ್ಲಿ. ರೋಬಸ್ಟಾ ಕೊಯ್ಲು ಶುರುವಾದರೆ ಸಂಜೆ ಹಣ್ಣು ತೂಗಿ, ಕೆಲಸದವರ ಲೆಕ್ಕ ಬರೆಯುವಷ್ಟರಲ್ಲಿ ಅಲ್ಲಿ ಅರ್ಧ ಮಾತು ಮುಗಿದಿರುತ್ತದೆ.

ಮುಗಿದರೂ ಪರವಾಗಿಲ್ಲ. ಭಾಷಣ ತಪ್ಪಿದರೂ ಕೊನೆಯ ಪ್ರಶ್ನೋತ್ತರ ತಪ್ಪಿಸಿಕೊಳ್ಳಬೇಡಿ, ಸಾರ ಇರುವುದು ಅಲ್ಲೇ. ನಲವತ್ತು ನಿಮಿಷ ಚೆಂದದ ಸ್ಲೈಡ್ ತೋರಿಸಿದವರನ್ನು ಹಿಂದಿನ ಸಾಲಿನಿಂದ ಯಾರೋ ಒಬ್ಬ ಹಳೇ ಅಧಿಕಾರಿ ಒಂದೇ ಪ್ರಶ್ನೆಗೆ ಬೆವರಿಳಿಸುತ್ತಾರೆ. ಕೆಲವು ಸಭೆಗಳು ಚಾಥಮ್ ಹೌಸ್ ನಿಯಮದಲ್ಲಿ ನಡೆಯುತ್ತವೆ. ಕೇಳಿದ ವಿಷಯವನ್ನು ಬಳಸಬಹುದು, ಹೇಳಿದವರು ಯಾರು ಅಂತ ಮಾತ್ರ ಹೊರಗೆ ಬಿಡುವ ಹಾಗಿಲ್ಲ. 1927ರಿಂದ ಇರುವ ಕಟ್ಟುಪಾಡು. ಅಂಥ ಕಡೆ ನಾನು ಪುಸ್ತಕದಲ್ಲಿ ಹೆಸರು ಬರೆದುಕೊಳ್ಳುವುದೇ ಇಲ್ಲ.

ಇಲ್ಲಿ ಕಲಿತದ್ದರಲ್ಲಿ ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ವಿಡಿಯೋ ನೋಡುವ ಕ್ರಮ. 2020ರಲ್ಲಿ ನಾಗೋರ್ನೊ-ಕರಾಬಾಖ್‌ನಲ್ಲಿ ಅಜರ್‌ಬೈಜಾನ್, ಅರ್ಮೇನಿಯಾ ನಡುವೆ 44 ದಿನದ ಯುದ್ಧ ನಡೆಯಿತಲ್ಲ, ಅಜರ್‌ಬೈಜಾನಿನವರ ಕೈಯಲ್ಲಿದ್ದ ಟರ್ಕಿಯ ಟಿಬಿ2 ಡ್ರೋನ್‌ಗಳು ಟ್ಯಾಂಕ್ ಉಡಾಯಿಸುವ ದೃಶ್ಯಗಳನ್ನು ಎಲ್ಲರೂ ನೋಡಿದ್ದೇವೆ. ಡ್ರೋನ್‌ಗೆ ಕ್ಯಾಮೆರಾ ಇದೆ, ಅದು ಮಾಡಿದ್ದೆಲ್ಲ ಕಾಣಿಸುತ್ತದೆ. ಫಿರಂಗಿ ಗುಂಡಿಗೆ ಕ್ಯಾಮೆರಾ ಇಲ್ಲ. ಗುಡ್ಡ ಹತ್ತಿ ಶುಶಾ ಪಟ್ಟಣ ಹಿಡಿದ ಅವರ ಕಾಲಾಳುಗಳ ವಿಡಿಯೋ ಎಷ್ಟು ಜನ ನೋಡಿದ್ದಾರೆ? ಕಣ್ಣಿಗೆ ಬಿದ್ದದ್ದೇ ಯುದ್ಧ ಗೆದ್ದಿತು ಅನ್ನುವ ಲೆಕ್ಕ ಸರಿಯಲ್ಲ. ಈಗ ಯಾವ ದೃಶ್ಯ ಬಂದರೂ ಇದನ್ನು ಚಿತ್ರೀಕರಿಸಿದವರು ಯಾರು, ಹೊರಗೆ ಬಿಟ್ಟವರು ಯಾರು ಅಂತ ಮೊದಲು ನೋಡುತ್ತೇನೆ.

ಎರಡನೇ ಗುರು ಪಕ್ಕದ ತೋಟದವರು. ಸೇನೆಯ ಸರಬರಾಜು ವಿಭಾಗದಲ್ಲಿ ಹೇಸರಗತ್ತೆ ದಳದಲ್ಲಿದ್ದು ಸುಬೇದಾರ್ ಆಗಿ ನಿವೃತ್ತರಾದವರು. ನಾನು ಮಾವ ಅಂತಲೇ ಕರೆಯುವುದು. ಕೆಲವು ಸಂಜೆ ಬಂದು ಜೊತೆಗೆ ಕೂರುತ್ತಾರೆ, ಇಂಗ್ಲಿಷ್ ಅರ್ಧಂಬರ್ಧ. ಡ್ರೋನ್ ಬಗ್ಗೆ ನಾನು ಬಾಯಿ ಬಿಟ್ಟರೆ ಅವರದ್ದು ಒಂದೇ ಮಾತು: “ಅದೆಲ್ಲ ಇರಲಿ ಮಾರಾಯ, ಡೀಸೆಲ್ ಯಾರು ತಂದರು ಕೇಳು.”

ಕೇಳಿದಾಗಲೇ ಗೊತ್ತಾಗುವುದು. 2022ರ ಮಾರ್ಚ್‌ನಲ್ಲಿ ಕೀವ್ ಉತ್ತರಕ್ಕೆ 60 ಕಿಲೋಮೀಟರ್‌ಗೂ ಉದ್ದದ ರಷ್ಯನ್ ವಾಹನ ಸಾಲು ನಿಂತಲ್ಲೇ ನಿಂತಿತ್ತಲ್ಲ. ಉಕ್ರೇನಿನವರ ಹೊಡೆತದ ಜೊತೆಗೆ ಎಣ್ಣೆ, ಊಟ, ಕೆಸರು ಎಲ್ಲ ಸೇರಿ ಅದನ್ನು ಕಟ್ಟಿಹಾಕಿದವು. ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು ಕಾಶ್ಮೀರದ ಜೋಜಿಲಾ ಕಣಿವೆಮಾರ್ಗ ಗೆದ್ದ ಕಥೆಯನ್ನೂ ಈ ಪ್ರಶ್ನೆ ಇಟ್ಟುಕೊಂಡೇ ಮತ್ತೆ ಓದಿದೆ. 1948ರ ನವೆಂಬರ್ 1ರಂದು 11,000 ಅಡಿಗೂ ಎತ್ತರದಲ್ಲಿ ಸ್ಟುವರ್ಟ್ ಟ್ಯಾಂಕ್ ಕಂಡು ಎದುರಾಳಿ ಕಂಗಾಲಾದದ್ದು ಮಡಿಕೇರಿಯಲ್ಲಿ ಮಕ್ಕಳಿಗೂ ಗೊತ್ತು. ಆದರೆ ಆ ಟ್ಯಾಂಕ್ ಮೇಲೆ ಹತ್ತಿದ್ದು ಹೇಗೆ? ಮೇಲಿನ ಗೋಪುರ ಕಳಚಿ, ಗುಟ್ಟಾಗಿ ಕಣಿವೆಮಾರ್ಗದ ಬುಡದ ಬಾಲ್ತಾಲ್‌ವರೆಗೆ ಸಾಗಿಸಿದರು. ಅಲ್ಲಿಂದ ಹೇಸರಗತ್ತೆ ಹೋಗುವ ದಾರಿಯನ್ನು ಸೇನೆಯ ಎಂಜಿನಿಯರ್ ದಳದ ಮದ್ರಾಸ್ ಸ್ಯಾಪರ್ಸ್ ಅಗಲ ಮಾಡಿಕೊಟ್ಟರು. ನನಗೆ ಕೇಳಿದರೆ ಅರ್ಧ ಗೆಲುವು ಆ ಗುದ್ದಲಿಗಳದ್ದು.

ಮೊನ್ನೆ ಒಂದು ಸೆಮಿನಾರ್‌ನಲ್ಲಿ ನೂಲಿನಂಥ ಫೈಬರ್ ಎಳೆಯನ್ನು ಬಿಚ್ಚಿಕೊಳ್ಳುತ್ತಾ ಹಾರುವ ಡ್ರೋನ್‌ಗಳ ವಿಷಯ ಬಂತು. ಅದಕ್ಕೆ ರೇಡಿಯೋ ಬೇಡ, ಹಾಗಾಗಿ ಸಿಗ್ನಲ್ ತಡೆಯುವ ಜಾಮರ್ ನಾಟುವುದಿಲ್ಲ. ಮಾವನ ಪ್ರಶ್ನೆಯನ್ನೇ ಚಾಟ್‌ನಲ್ಲಿ ಹಾಕಿದೆ: ಮುಂಚೂಣಿಗೆ ಇದನ್ನೆಲ್ಲ ಹೊತ್ತು ತರುವವರು ಯಾರು? ಭಾಷಣಕಾರರು ಉತ್ತರ ಕೊಟ್ಟರು: ಲಾರಿ ಕಂಡರೆ ಡ್ರೋನ್ ಬಿಡುವುದಿಲ್ಲ, ಹಾಗಾಗಿ ಕೊನೆಯ ಕೆಲವು ಕಿಲೋಮೀಟರ್ ರಾತ್ರಿ ಹೊತ್ತು ಕಾಲ್ನಡಿಗೆ, ಇಲ್ಲವೇ ಚಕ್ರದ ರೋಬೋಟ್. ರಷ್ಯನ್ನರು ಕತ್ತೆಗಳನ್ನೂ ಬಳಸಿದ್ದಾರೆ ಅಂದರು. ಪಕ್ಕದಲ್ಲಿದ್ದ ಮಾವನಿಗೆ ನಾನು ಅದನ್ನು ಕನ್ನಡದಲ್ಲಿ ಹೇಳಿದೆ.

ಮಾವ ತೊಡೆ ತಟ್ಟಿ ನಕ್ಕರು. “ನನ್ನನ್ನು ಸುಮ್ನೆ ರಿಟೈರ್ ಮಾಡಿದರು ನೋಡು!”