ರೂಪಾಯಿ ಗೆರೆ ಬಿಟ್ಟು ಡಾಲರ್ ಗೆರೆ ಹಿಡಿದೆ: ಕಾಫಿ ರಫ್ತಿನ ಲೆಕ್ಕದಲ್ಲಿ ನನ್ನ ಅನುಭವ

ಈ ಸಲವೂ ನನ್ನ ರೋಬಸ್ಟಾ ಜಾತಿಯ ಕಾಫಿಯ ಪಾರ್ಚ್‌ಮೆಂಟಿಗೆ (ಸಿಪ್ಪೆ ಸುಲಿದು, ತೊಳೆದು ಒಣಗಿಸಿದ ಬೀಜ) ಚೆರ್ರಿಗಿಂತ (ಹಣ್ಣನ್ನು ಹಾಗೇ ಒಣಗಿಸಿದ್ದು) ಕಿಲೋಗೆ 28 ರೂಪಾಯಿ ಜಾಸ್ತಿ ಸಿಕ್ಕಿತು. ಕ್ಲೀನ್ ಕಾಫಿ, ಅಂದರೆ ಹೊಟ್ಟು ತೆಗೆದ ಬೀಜದ ಲೆಕ್ಕದಲ್ಲಿ. ಸತತ ನಾಲ್ಕನೇ ವರ್ಷ ಇದು. "ರೋಬಸ್ಟಾನೂ ಯಾರಾದ್ರೂ ಪಲ್ಪ್ ಮಾಡ್ತಾರೇನೋ?" ಅಂದಿದ್ದ ದೊಡ್ಡಪ್ಪ ಕಳೆದ ಜನವರಿಯಲ್ಲಿ ಎರಡು ಜೀಪ್ ಹಣ್ಣನ್ನು ನನ್ನ ಪಲ್ಪರಿಗೇ (ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ಕಳಿಸಿದರು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಮೂಡಿಗೆರೆ ಕಡೆ 12 ಎಕರೆ. ಈ ಲೆಕ್ಕ ಶುರುವಾದದ್ದು ಅಪ್ಪನ ತಗಡಿನ ಪೆಟ್ಟಿಗೆಯಿಂದ. ಒಳಗೆ ಪೂಲ್ ಕಾಲದ ಚೀಟಿಗಳಿದ್ದವು. ಹಳದಿ ತಿರುಗಿದ ಕಾಗದ, ನೀಲಿ ಕಾರ್ಬನ್ ಅಕ್ಷರ, ಮಡಿಕೆಯಲ್ಲಿ ಹರಿದಿವೆ. ಆಗ ಎಲ್ಲರ ಕಾಫಿಯೂ ಸರ್ಕಾರದ ಕಾಫಿ ಬೋರ್ಡಿಗೇ ಹೋಗಬೇಕಿತ್ತು, ಅದನ್ನೇ ಪೂಲ್ ಅಂತಿದ್ದರು. ದುಡ್ಡು ಕಂತುಕಂತಾಗಿ ಬರುತ್ತಿತ್ತು. 1996ರಲ್ಲಿ ಎಲ್ಲರಿಗೂ ಪೂರ್ತಿ ಮಾರಾಟ ಬಿಟ್ಟುಕೊಟ್ಟ ಮೇಲೆ ಬರೀ ವ್ಯಾಪಾರಿಗಳ ಬಿಲ್ಲುಗಳು. ಇವನ್ನೂ ಕಾಫಿ ಬೋರ್ಡಿನ ರಫ್ತು ಅಂಕಿಗಳನ್ನೂ ಒಂದೇ ಎಕ್ಸೆಲ್ ಹಾಳೆಗೆ ಹಾಕಿದರೆ ಮುಂದೆ ಏನು ಮಾಡಬೇಕು ಅಂತ ಗೊತ್ತಾಗುತ್ತೆ ಅಂದುಕೊಂಡೆ.

ಮೊದಲ ಸಲ ಕೈ ಸುಟ್ಟುಕೊಂಡೆ. 2014ರಲ್ಲಿ ಮಾಡಿದ ಹಾಳೆ ರೂಪಾಯಿಯಲ್ಲಿತ್ತು. 2011-12ರ ನಂತರವೂ ಗ್ರಾಫಿನಲ್ಲಿ ರಫ್ತಿನ ಗೆರೆ ಮೇಲೇ ಹೋಗುತ್ತಿತ್ತು. ಅದನ್ನು ನಂಬಿ ಎರಡು ಎಕರೆ ಖಾಲಿ ಜಾಗಕ್ಕೆ ಅರೇಬಿಕಾ ಜಾತಿಯ ಕಾಫಿ ಹಾಕಿಸಿದೆ. ಗಿಡ, ಗುಂಡಿ, ಆಳು, ನೆರಳಿನ ಮರದ ಕೊಂಬೆ ತೆಗೆಸಿದ್ದು ಎಲ್ಲ ಸೇರಿ ಮೂರೂವರೆ ಲಕ್ಷ ಹೋಯಿತು. ನಿಜ ಏನೆಂದರೆ ಅಷ್ಟರಲ್ಲಿ ಡಾಲರ್ 48 ರೂಪಾಯಿಯಿಂದ 60ಕ್ಕೆ ಏರಿತ್ತು. ಡಾಲರಿನಲ್ಲಿ ನೋಡಿದ್ದರೆ ಅದೇ ಗೆರೆ ಕೆಳಗಿಳಿಯುತ್ತಿತ್ತು! ಅದೂ ಸಾಲದು ಅಂತ ನೆರಳು ಜಾಸ್ತಿ ತೆಗೆಸಿದ್ದರಿಂದ ಬೋರರ್ (ಕಾಂಡ ಕೊರೆಯುವ ಹುಳ) ಬಂತು. ನಾಲ್ಕನೇ ವರ್ಷಕ್ಕೆ ಅರ್ಧ ಗಿಡ ಕಿತ್ತು ಸುಟ್ಟೆವು.

ಎರಡನೇ ಸಲ ಡಾಲರ್ ಹಿಡಿದೆ. ಆದರೂ ಲೆಕ್ಕ ಕೂಡಲಿಲ್ಲ. ನಮ್ಮ ದೇಶದ ಬೆಳೆ ಅಷ್ಟಾಗಿ ಏರದಿದ್ದರೂ ರಫ್ತು ಏರುತ್ತಿತ್ತು. ಮೂರು ತಿಂಗಳು ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು, ಇನ್‌ಸ್ಟಂಟ್ ಕಾಫಿ! ಹೊರಗಿನಿಂದ ಬೀಜ ತರಿಸಿ, ಇಲ್ಲಿ ಪುಡಿ ಮಾಡಿ, ಮತ್ತೆ ಹೊರಗೆ ಕಳಿಸುವ ಮಾಲೂ ಅದರಲ್ಲೇ ಸೇರಿರುತ್ತೆ. ಒಂದು ಕಿಲೋ ಪುಡಿಯನ್ನು 2.6 ಕಿಲೋ ಬೀಜ ಅಂತ ಲೆಕ್ಕ ಹಿಡಿಯುತ್ತಾರೆ. ಅದನ್ನು ತೆಗೆಯದೆ ನಮ್ಮ ತೋಟದ ಕಾಫಿ ಬಗ್ಗೆ ಏನೂ ಹೇಳೋಕಾಗಲ್ಲ. ಕಾಫಿ ವರ್ಷ ಅಕ್ಟೋಬರಿಗೆ ಶುರು, ಹಣಕಾಸು ವರ್ಷ ಏಪ್ರಿಲಿಗೆ. ಇವೆರಡನ್ನು ಬೆರೆಸಿಯೂ ಒಂದು ಮಳೆಗಾಲ ಹಾಳು ಮಾಡಿಕೊಂಡೆ.

ಆಮೇಲೆ ಮಾಡಿದ ಹಾಳೆ ಇವತ್ತಿಗೂ ಅದೇ. ಬರೀ ಹಸಿರು (ಹುರಿಯದ) ಬೀಜ, ಅರೇಬಿಕಾ ಬೇರೆ, ರೋಬಸ್ಟಾ ಬೇರೆ, ಕಿಲೋಗೆ ಎಷ್ಟು ಡಾಲರ್, ಮೂರು ವರ್ಷದ ಸರಾಸರಿ. ಪಕ್ಕದಲ್ಲಿ ಲಂಡನ್ ಮಾರುಕಟ್ಟೆಯ ರೋಬಸ್ಟಾ ಬೆಲೆ. 1994ರಲ್ಲಿ ಬ್ರೆಜಿಲ್‌ನಲ್ಲಿ ಇಬ್ಬನಿ ಹೆಪ್ಪುಗಟ್ಟಿ ಗಿಡ ಹಾಳಾದಾಗ ಜಿಗಿದದ್ದು, 2001-02ರಲ್ಲಿ ವಿಯೆಟ್ನಾಂ ಕಾಫಿ ತುಂಬಿ ಕಿಲೋಗೆ ಅರ್ಧ ಡಾಲರಿನ ಆಸುಪಾಸಿಗೆ ಬಿದ್ದದ್ದು ಎಲ್ಲ ಅದರಲ್ಲಿ ಕಾಣುತ್ತೆ. ನನಗೆ ಬೇಕಾದದ್ದು ಎರಡು ಗೆರೆಗಳ ನಡುವಿನ ಜಾಗ. ನಮ್ಮ ರೋಬಸ್ಟಾ ಲಂಡನ್‌ಗಿಂತ ಮೇಲೇ ಇರುತ್ತೆ. ನೆರಳಿನಲ್ಲಿ ಬೆಳೆದು, ಕೈಯಲ್ಲಿ ಕೊಯ್ದು, ತೊಳೆದ ರೋಬಸ್ಟಾ ಇಷ್ಟು ಪ್ರಮಾಣದಲ್ಲಿ ಕೊಡುವ ದೇಶ ಜಾಸ್ತಿ ಇಲ್ಲ. ಇಟಲಿಯವರು ಎಸ್ಪ್ರೆಸೊಗೆ ಅದನ್ನೇ ಹುಡುಕಿಕೊಂಡು ಬರುತ್ತಾರೆ. ಬೆಲೆ ಬಿದ್ದ ವರ್ಷವೂ ಆ ಅಂತರ ಪೂರ್ತಿ ಮುಚ್ಚಲಿಲ್ಲ. ಹಾಗಾದರೆ ದುಡ್ಡು ಹಾಕಬೇಕಾದದ್ದು ತೊಳೆಯೋದಕ್ಕೆ ಅಂತ ತೀರ್ಮಾನಿಸಿದೆ.

2019ರಲ್ಲಿ ಸೆಕೆಂಡ್ ಹ್ಯಾಂಡ್ ಪಲ್ಪರ್ ತಂದೆ. ತೊಟ್ಟಿ, ಪೈಪು, ಕೊಳೆ ನೀರಿಗೆ ಗುಂಡಿ ಎಲ್ಲ ಸೇರಿ 2 ಲಕ್ಷದ 40 ಸಾವಿರ ಆಗಿರಬೇಕು. ಮೊದಲ ವರ್ಷ ಪಾರ್ಚ್‌ಮೆಂಟನ್ನು ಮೂಟೆ ಲೆಕ್ಕದಲ್ಲಿ ಗೇಟಿಗೇ ಬಂದವರಿಗೆ ಕೊಟ್ಟೆ. ಚೆರ್ರಿ ಮೂಟೆಗಿಂತ ಸಾವಿರಾರು ರೂಪಾಯಿ ಜಾಸ್ತಿ ಬಂತು, ಖುಷಿಯಾಯಿತು. ಮನೆಗೆ ಬಂದು ಔಟ್‌ಟರ್ನ್ (ಮೂಟೆಗೆ ಎಷ್ಟು ಬೀಜ ಸಿಗುತ್ತೆ ಅನ್ನೋ ಲೆಕ್ಕ) ಹಾಕಿ ನೋಡಿದೆ. 50 ಕಿಲೋ ಚೆರ್ರಿಯಲ್ಲಿ 26-27 ಕಿಲೋ ಬೀಜ, ಪಾರ್ಚ್‌ಮೆಂಟಿನಲ್ಲಿ 40. ಬೀಜದ ಕಿಲೋಗೆ ಮೂರ್ನಾಲ್ಕು ರೂಪಾಯಿ ಮಾತ್ರ ಉಳಿದಿತ್ತು. ಆಳಿನ ಖರ್ಚಿಗೂ ಸಾಲದು.

ಎರಡನೇ ವರ್ಷ ಬೀಜಕ್ಕೆ ಅಂಟಿರುವ ಲೋಳೆ ಕೈ ಕೊಟ್ಟಿತು. ರೋಬಸ್ಟಾ ಲೋಳೆ ಅರೇಬಿಕಾ ಥರ ಬಿಡಲ್ಲ. ಫೆಬ್ರವರಿಯಲ್ಲಿ ಕೆರೆ ನೀರೂ ಕಮ್ಮಿ. ತೊಟ್ಟಿಯಲ್ಲಿ ಜಾಸ್ತಿ ಹೊತ್ತು ಬಿಟ್ಟು ಸುಮಾರು 600 ಕಿಲೋ ಹುಳಿ ವಾಸನೆ ಬಂತು. ಚೆರ್ರಿ ಬೆಲೆಗೂ ಕಮ್ಮಿಗೆ ಕೊಟ್ಟೆ. ಈಗ ಬೀಜವನ್ನು ಅಂಗೈಯಲ್ಲಿ ಉಜ್ಜಿ, ಕಲ್ಲು ಕಲ್ಲು ಸದ್ದು ಬಂದರೆ ತಕ್ಷಣ ತೊಳೆಸುತ್ತೇನೆ. ಎಷ್ಟು ಗಂಟೆ, ನೀರಿಗೆ ಏನು ಮಾಡುತ್ತೇನೆ ಅನ್ನೋದನ್ನು ಇಲ್ಲಿ ಬರೆಯಲ್ಲ, ಅದಕ್ಕೆ ಎರಡು ವರ್ಷದ ದುಡ್ಡು ಕೊಟ್ಟಿದ್ದೇನೆ.

ಲೆಕ್ಕ ತಿರುಗಿದ್ದು ಮೂರನೇ ವರ್ಷ. ಗೇಟಲ್ಲಿ ಮಾರೋದು ಬಿಟ್ಟೆ. ಕ್ಯೂರಿಂಗ್ ವರ್ಕ್ಸಿಗೆ (ಹೊಟ್ಟು ತೆಗೆದು ಬೀಜ ವಿಂಗಡಿಸುವ ಕಾರ್ಖಾನೆ) ನಾನೇ ಕಳಿಸಿ, ಎಬಿ (ದೊಡ್ಡ ಬೀಜ) ಬೇರೆ, ಪಿಬಿ (ಹಣ್ಣಿನಲ್ಲಿ ಒಂಟಿಯಾಗಿ ಬೆಳೆದ ದುಂಡು ಬೀಜ) ಬೇರೆ ಮಾಡಿಸಿ, ಎಬಿ ಗ್ರೇಡನ್ನು ನೇರ ರಫ್ತುದಾರರಿಗೆ ಕೊಟ್ಟೆ. ವರ್ಷಕ್ಕೆ ನಾಲ್ಕು ಟನ್ ಹೀಗೆ ಮಾಡುತ್ತೇನೆ. ಒಂದು ಲಕ್ಷದ ಮೇಲೆ ಹೆಚ್ಚುವರಿ, ಅದರಲ್ಲಿ 35 ಸಾವಿರ ಆಳು ಮತ್ತು ಕ್ಯೂರಿಂಗಿಗೆ ಹೋಗುತ್ತೆ. ಈ ವರ್ಷಕ್ಕೆ ಪಲ್ಪರಿನ ದುಡ್ಡು ವಾಪಸ್ ಬಂದಾಯಿತು. ಪಲ್ಪ್ ಮಾಡೋಕೆ ಹಣ್ಣಾದದ್ದನ್ನು ಮಾತ್ರ ಆರಿಸಿ ಕೊಯ್ಯಬೇಕು, ಅದಕ್ಕೆ ಆಳು ಸಿಗಲ್ಲ ಅಂದರು ಕೆಲವರು. ರೋಬಸ್ಟಾ ಹಣ್ಣು ಗಿಡದಲ್ಲೇ ನಿಂತಿರುತ್ತೆ, ಅರೇಬಿಕಾ ಥರ ಉದುರಲ್ಲ ಅಲ್ವಾ, ಎರಡೇ ಸುತ್ತಿನಲ್ಲಿ ಮುಗಿಸುತ್ತೇವೆ.

ನಡುವೆ ಕಾಳುಮೆಣಸಿಗೂ ಇದೇ ಹಾಳೆ ಮಾಡಿದೆ. ಉಪಯೋಗ ಆಗಲಿಲ್ಲ. ವಿಯೆಟ್ನಾಂ ಬಂದ ಮೇಲೆ ನಮ್ಮ ಮೆಣಸಿನ ರಫ್ತು ತಗ್ಗಿತು, ಆದರೆ ಬೆಲೆ ಹಾಗೇ ಹಿಂಬಾಲಿಸಲ್ಲ. ಬೆಳೆದದ್ದರಲ್ಲಿ ಬಹುಪಾಲು ನಮ್ಮ ದೇಶದ ಅಡುಗೆಮನೆಗೇ ಹೋಗುತ್ತೆ. ಮೆಣಸಿಗೆ ರಫ್ತಿನ ಗೆರೆ ನೋಡಿ ಪ್ರಯೋಜನ ಇಲ್ಲ.

2020-21ರಲ್ಲಿ ದೇಶದ ಕಾಫಿ ರಫ್ತು ಸುಮಾರು 72 ಕೋಟಿ ಡಾಲರ್, 2024-25ರಲ್ಲಿ 180 ಕೋಟಿಯ ಹತ್ತಿರ. ಟನ್ ಲೆಕ್ಕದಲ್ಲಿ ಏರಿದ್ದು ಕಾಲುಭಾಗದಷ್ಟು, ಉಳಿದದ್ದೆಲ್ಲ ಬೆಲೆ. ಇದನ್ನು ನೋಡಿ ಪಕ್ಕದ ತೋಟದವರು ಇನ್ನೂ ನಾಲ್ಕು ಎಕರೆಗೆ ಗಿಡ ಹಾಕಿಸುತ್ತಿದ್ದಾರೆ. ನಾನು ಬರುವ ಕೊಯ್ಲಿಗೆ ಮುಂಚೆ ಇನ್ನೊಂದು ತೊಟ್ಟಿ ಕಟ್ಟಿಸುತ್ತಿದ್ದೇನೆ. ಸಿಮೆಂಟು ಬಂದಿದೆ, ಮರಳು ನಾಳೆ ಬರುತ್ತೆ.