ಮಲಗಿ ಒಂದು ನಾಡಿ, ನಿಂತು ಒಂದು ನಾಡಿ: ನನ್ನ ಹೊಟ್ಟೆ ಹದಕ್ಕೆ ಬಂದಿದ್ದು ಹೀಗೆ

ಪಾಟ್ಸ್ (POTS), ಅಂದರೆ ಎದ್ದು ನಿಂತರೆ ಬಿಪಿ ಇಳಿಯದೆಯೇ ನಾಡಿ ವಿಪರೀತ ಏರುವ ತೊಂದರೆ, ಇರುವವರಿಗೆ ಹೊಸದಾಗಿ ವಿವರಿಸುವುದೇನಿದೆ? ನಿಂತರೆ ಎದೆ ಡವಡವ, ನಾಲ್ಕು ತುತ್ತಿಗೇ ಹೊಟ್ಟೆ ಬಿಗಿತ, ಸಂಜೆ ಸುಮ್ನೆ ಗಾಬರಿ.

ಹಾಸನದಲ್ಲಿ ಎಲ್ಲರೂ ಗ್ಯಾಸ್ಟ್ರಿಕ್, ಟೆನ್ಷನ್ ಅಂದರು. ಎಂಡೋಸ್ಕೋಪಿ, ಸ್ಕ್ಯಾನು, ಬೆಂಗಳೂರಿನ ಓಡಾಟ ಸೇರಿ 40 ಸಾವಿರ ದಾಟಿರಬೇಕು. ರಿಪೋರ್ಟೆಲ್ಲ ನಾರ್ಮಲ್. ಖಿನ್ನತೆ, ನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್‌ನಿಂದ ನಿದ್ದೆಯೇನೋ ಬಂತು, ಆದರೆ ಅದು ಕರುಳನ್ನು ನಿಧಾನ ಮಾಡಿ ನಾಡಿ ಏರಿಸುವ ಮಾತ್ರೆ, ನನಗೆ ಎರಡೂ ಆಗದು. ಡಾಕ್ಟರಿಗೆ ಹೇಳಿ ಬದಲಾಯಿಸಿಕೊಂಡೆ. ಕೊನೆಗೆ ನರದ ಡಾಕ್ಟರೊಬ್ಬರು ಮಲಗಿಸಿ, ಆಮೇಲೆ 10 ನಿಮಿಷ ನಿಲ್ಲಿಸಿ ನೋಡಿದರು. ಬಿಪಿ ಇಳಿಯಲಿಲ್ಲ, ನಾಡಿ ಮಾತ್ರ ನಿಮಿಷಕ್ಕೆ 75ರಿಂದ 115ರ ಹತ್ತಿರ ಹೋಯಿತು. ದೊಡ್ಡವರಲ್ಲಿ 30 ಏರಿದರೇ ಜಾಸ್ತಿ, ಇದು ಪಾಟ್ಸ್ ಅಂದರು.

ಆ ಪರೀಕ್ಷೆಯನ್ನೇ ನಾನು ದಿನಾ ಬೆಳಿಗ್ಗೆ ಮನೆಯಲ್ಲಿ ಮಾಡಿಕೊಂಡು, ಅದನ್ನು ನೋಡಿ ಅಡುಗೆ ನಿರ್ಧರಿಸಲು ಶುರು ಮಾಡಿದೆ. ನಾಡಿಯನ್ನೂ ತೋರಿಸುವ ಬಿಪಿ ಮಿಷನ್ನಿಗೆ ಎರಡು ಸಾವಿರದ ಆಸುಪಾಸು. ಏರಿಕೆ 25ರ ಒಳಗಿದ್ದರೆ ಎಂದಿನ ಊಟ. 35 ದಾಟಿತೋ, ಮುದ್ದೆ, ಎಣ್ಣೆ ಹಾಕಿದ ಅಕ್ಕಿ ರೊಟ್ಟಿ ಬಂದ್. ಗಂಜಿ, ಮೆತ್ತಗಿನ ಅನ್ನ, ತಿಳಿಸಾರು, ಐದಾರು ಸಲ ಸ್ವಲ್ಪ ಸ್ವಲ್ಪ. ಹೊಟ್ಟೆ ತುಂಬ ಉಂಡರೆ ರಕ್ತ ಅತ್ತ ಹರಿಯುತ್ತದೆ, ನಾಡಿ ಇನ್ನೂ ಏರುತ್ತದೆ, ಆ ಡವಡವವನ್ನೇ ಮನಸ್ಸು ಭಯ ಅಂದುಕೊಳ್ಳುತ್ತದೆ. ಹಬ್ಬದ ಊಟವಾದ ಮೇಲೆ ನನಗೆ ಅಳು ಬರುತ್ತಿದ್ದುದೂ ಇದಕ್ಕೇ.

"ಮುದ್ದೆ ಬಿಟ್ರೆ ಶಕ್ತಿ ಎಲ್ಲಿಂದ ಬರುತ್ತಮ್ಮ?" ಅಂತ ಅತ್ತೆ ಕೇಳುತ್ತಲೇ ಇದ್ದರು. ಆರೇಳು ತಿಂಗಳಲ್ಲಿ ಮೂರು ಕೆಜಿ ತೂಕ ಬಂತು. ಈಗ ಗಂಜಿಗೆ ಅಕ್ಕಿ ನೆನೆಹಾಕುವುದು ಅವರೇ!

ಬೇರೆ ಪ್ರಯೋಗಗಳೂ ಆದವು. ಕಪಾಲಭಾತಿಯಿಂದ ತಲೆ ಸುತ್ತು ಜಾಸ್ತಿಯಾಯಿತು. ಊಟಕ್ಕೆ ಮುಂಚೆ ನಿಮಿಷಕ್ಕೆ ಆರೇ ಉಸಿರು ಎಳೆದು ಬಿಟ್ಟರೆ ಹಿತ. ಕಾಫಿ ಖಾಲಿ ಹೊಟ್ಟೆಗೆ ಆಗಲೇ ಇಲ್ಲ, ತಿಂಡಿ ಆದ ಮೇಲೆ ಅರ್ಧ ಲೋಟ ನಡೆಯುತ್ತದೆ, ಕಾಫಿ ಸೀಮೆಯಲ್ಲಿ ಅಷ್ಟೂ ಇಲ್ಲದೆ ಇರಲು ಆಗುತ್ತಾ? ರಕ್ತ ಕಾಲಿಗೆ ಇಳಿಯದಿರಲಿ ಅಂತ ಮೂರು ಸಾವಿರ ಕೊಟ್ಟ ಮಂಡಿವರೆಗಿನ ಬಿಗಿ ಸಾಕ್ಸ್ ದಂಡ. ಬಾಣಂತಿಯರು ಕಟ್ಟುವ ಹೊಟ್ಟೆ ಬೆಲ್ಟು ಐನೂರು ರೂಪಾಯಿಯದು, ಅದು ಮಾತ್ರ ಕೆಲಸಕ್ಕೆ ಬಂತು. ಉಣ್ಣುವಾಗ ಬಿಚ್ಚಬೇಕು.

ಪಾಟ್ಸ್‌ಗೆ ಅಂತ ನಾನು ತಿನ್ನುವ ಉಪ್ಪಿನ ಲೆಕ್ಕ ಹೇಳುವುದಿಲ್ಲ. ಬಿಪಿ, ಕಿಡ್ನಿ ನೋಡಿ ನಿಮ್ಮ ಡಾಕ್ಟರೇ ಹೇಳಲಿ. ಗಂಜಿಗೆ ಏನು ಬೆರೆಸುತ್ತೇನೆ ಅನ್ನುವುದೂ ಸದ್ಯಕ್ಕೆ ನನ್ನಲ್ಲೇ ಇರಲಿ. ಬಸ್ ಸ್ಟ್ಯಾಂಡಿನಲ್ಲಿ ಸಕಲೇಶಪುರದ ಬಸ್ಸಿಗೆ ಕಾಯುತ್ತಾ ಕಣ್ಣು ಕತ್ತಲೆ ಬಂದರೆ ಕಾಲು ಕತ್ತರಿ ಹಾಕಿ ತೊಡೆ ಬಿಗಿ ಹಿಡಿಯಿರಿ, ಆಗದಿದ್ದರೆ ಯಾರು ನೋಡಿದರೂ ಸರಿ, ಅಲ್ಲೇ ಕುಳಿತುಬಿಡಿ.